ಬೋರ್ಡಿನ ಕೆಳಗೆ ಹರಡಿದ ಹುರುಳಿ

ಹಳೇಬೀಡು

ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ, ಶಾಲೆ ಎದುರು ಮನೆಯ ಶಾಂತವೀರಮ್ಮನ ನಮಸ್ಕಾರ.

“ರಸ್ತೇಲಿ ಒಕ್ಕಣೆ ಮಾಡಂಗಿಲ್ಲ ಕಣಮ್ಮ, ಹುರುಳಿ ತೆಗೀರಿ, ಬೈಕ್ ಜಾರ್ತವೆ” ಎಂದು ನಿಮ್ಮ ಪೇದೆ ಹೇಳಿಹೋದರು. ಬೈಕಿನವರಿಗೆ ಅಂಚಿನಲ್ಲಿ ದಾರಿ ಬಿಟ್ಟಿದ್ದೇನೆ.

ನನ್ನ ಮೊಮ್ಮಗಳು ಸಿರಿಗೆ ಕಾರು ಬಡಿದ ಮೇಲೆ ನೀವು ಶಾಲೆ ಮುಂದೆ ಮೂವತ್ತರ ವೇಗಮಿತಿ ಬೋರ್ಡು ನೆಡಿಸಿದಿರಿ. ಅದನ್ನು ಯಾರೂ ನೋಡುವುದಿಲ್ಲ. ರಸ್ತೆಯಲ್ಲಿ ಹುರುಳಿ ಕಂಡರೆ ಮಾತ್ರ ಬಸ್ಸೂ ನಿಧಾನಿಸುತ್ತದೆ. ಊರುಗೋಲು ಹಿಡಿದು ರಸ್ತೆ ದಾಟಲು ಸಿರಿಗೆ ಈಗ ಹೊತ್ತು ಬೇಕು.

ಶಾಲೆ ಬಿಡುವ ವೇಳೆಗೆ ವೇಗ ಅಳೆಯುವ ಯಂತ್ರ ಕೊಟ್ಟು ಒಬ್ಬರನ್ನು ನಿಲ್ಲಿಸಿ. ಅಂದೇ ನಾನು ರಸ್ತೆ ಗುಡಿಸುತ್ತೇನೆ. ಅಲ್ಲಿಯವರೆಗೆ ತೆಗೆಯುವುದಿಲ್ಲ.

ಕೇಸು ಹಾಕುವುದಾದರೆ ಹಾಕಿ, ಆದರೆ ಒಕ್ಕಣೆ ಎಂದು ಬರೆಯಬೇಡಿ. ನಮ್ಮ ಕಾಳು ಸಂಕ್ರಾಂತಿಗೇ ಮನೆ ಸೇರಿದೆ. ಈಗ ದಿನಾ ಬೆಳಿಗ್ಗೆ ನಾನು ಹರಡುತ್ತಿರುವುದು ಬರೀ ಹೊಟ್ಟು.

ಶಾಲೆ ಗೇಟಿನಲ್ಲಿ ನಿಮ್ಮವರನ್ನು ಕಾಯುತ್ತಿರುವ,
ಶಾಂತವೀರಮ್ಮ