ತೆಗೆದಿಟ್ಟ ತಾಟು

ಶುಭಮ,

ನೀನು ಮನೆ ಬಿಟ್ಟ ಮೇಲೆ ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಹೇಳದೆ ಇರಲಾರೆ. ನನ್ನ ಮದುವೆಯಾಯಿತು ತಮ್ಮಾ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಆದರೆ ನಿನ್ನ ಭಾವ ತೋರಿಸಿದ ಮೊದಲ ಸಿನಿಮಾದಲ್ಲಿ ಒಂದು ಹಾಡೂ ಇರಲಿಲ್ಲ. ಅದು ಅವರೇ ತೆಗೆದದ್ದು. ನಿನ್ನೆ ತಾವು ಪಾಠ ಮಾಡುವ ಮೂಡಲಗಿಯ ಕಾಲೇಜಿನಲ್ಲಿ ತೋರಿಸಿದರು.

ಇಂಟರ್ನೆಟ್ಟಿನ ಒಂದು ಚಾಟ್ ಗುಂಪಿನಲ್ಲಿ ದ್ವೇಷ ಕಲಿತು, ಆ ಗುಂಪಿನ ಹಿಂದೆ ಮನೆ ಬಿಟ್ಟು ಹೋಗುವ ಹುಡುಗನ ಕಥೆ. ತಾಯಿಯ ಪಾತ್ರದಲ್ಲಿ ನಮ್ಮ ಅವ್ವ. ರೊಟ್ಟಿ ಬಡಿದು ಮಗನಿಗಾಗಿ ಕಾಯುತ್ತಾಳೆ. ಹೊತ್ತು ಮುಳುಗುತ್ತದೆ; ಜೈನರ ಮನೆ, ಇನ್ನು ಊಟವಿಲ್ಲ. ತಾನೂ ಉಣ್ಣದೆ ತಾಟು ತೆಗೆದಿಡುತ್ತಾಳೆ.

ಸಿನಿಮಾ ಮುಗಿದಾಗ ಒಬ್ಬಳು ವಿದ್ಯಾರ್ಥಿನಿ ಕೇಳಿದಳು, "ಚಾಟಿನ್ಯಾಗ ಅಷ್ಟ ಮಂದಿ ದೋಸ್ತರಿದ್ರಲ್ರಿ ಸರ್, ಒಬ್ಬರರೆ ಅವಂಗ ಊಟ ಆತೇನ ಅಂತ ಕೇಳಿದ್ರೇನ್ರಿ?"

ನಾನು ಅವ್ವನನ್ನು ತಬ್ಬಿಕೊಂಡೆ. "ಎಷ್ಟ ಚೆಂದ ಮಾಡೀಯವ್ವಾ."

"ಅದರಾಗೇನೈತಿ? ದಿನಾ ಮಾಡೂದನ್ನ ಮಾಡೇನಿ."

ಇವತ್ತು ಸಂಜೆ ನನ್ನ ಹೊಸ ಮನೆಯಲ್ಲಿ ಒಂದು ತಾಟು ಹೆಚ್ಚು ಇಟ್ಟೆ. ಯಾರಿಗೆಂದು ಇವರು ಕೇಳಲಿಲ್ಲ.

ನಿನ್ನ ಅಕ್ಕ,
ದೀಪಾಲಿ