ಹಿಂದೆ ಯಾರೂ ಇಲ್ಲ

ಫೆಬ್ರವರಿ 17, ಬೆಳಿಗ್ಗೆ

ಥರ್ಮಾಸ್ ತುಂಬಿಸಿದ್ದಾಯಿತು. ಬಾಟಲಿಯಲ್ಲಿ ಕೆಡದಂತೆ ತುಂಬಿಸಿಟ್ಟ ಮೂಸ್ ಕಡವೆಯ ಮಾಂಸ, ಬ್ರೆಡ್, ಕಾಕಂಬಿ ಎಲ್ಲ ಜಾರುಬಂಡಿಗೆ ಕಟ್ಟಿದೆ. ಹಿಮದ ಮೇಲೆ ಓಡುವ ನಾಲ್ಕು ಸ್ನೋಮೊಬೈಲ್ ಗಾಡಿ ಅಂಗಳದಲ್ಲಿ ಗುರುಗುಡುತ್ತಿವೆ. ಜಗಳವೂ ರೆಡಿ.

ಲಾಂಗ್ ರೇಂಜ್ ಬೆಟ್ಟಕ್ಕೆ ಪ್ರತಿ ವರ್ಷ ಹೆಡ್ಲಿ ಮಾವನೇ ಮುಂದೆ. ಈ ಸಲ ಕಣ್ಣು ಮಂಜು, ಡಾಕ್ಟರು ಬೇಡ ಅಂದಿದ್ದಾರೆ. ಮಧ್ಯದಲ್ಲಿ ಬಾ ಅಂದ ನನ್ನ ಗಂಡ ಸೆಲ್ಬಿ.

“ಮುಂದಿಲ್ಲ ಅಂದ್ರೆ ಹಿಂದೆ. ಮಧ್ಯದಲ್ಲಿ ಕುರಿಮರಿ ಥರ ಬರೋನಲ್ಲ ನಾನು.”

ಮೊಂಡ ಮುದುಕ. ಗೆದ್ದರು. ಮದುವೆಯಾಗಿ ಬಂದಾಗಿನಿಂದ ಕೊನೆಯ ಗಾಡಿ ನನ್ನದು. ಇವತ್ತು ನಾನು ಮೂರನೆಯವಳು.

“ಮುಷ್ಟಿ ತೋರ್ಸೋದು ಮರೀಬೇಡಿ ಮಾವ.”

“ಅದನ್ನ ನಿಂಗೆ ಕಲಿಸಿದ್ದು ಯಾರೇ?”

ಅವರೇ. ಎದುರು ಗುಂಪು ಬಂದರೆ ಹಿಂದೆ ಎಷ್ಟು ಗಾಡಿಯೋ ಅಷ್ಟು ಬೆರಳು ಎತ್ತಬೇಕು. ಕೊನೆಯವರು ಮುಷ್ಟಿ. ನನ್ನ ಹಿಂದೆ ಯಾರೂ ಇಲ್ಲ ಅಂತ.

ಅದೇ ದಿನ, ಮಧ್ಯಾಹ್ನ

ಕ್ಯಾಬಿನ್ ತಲುಪಿದೆವು. ಮೂವರೇ.

ಬೆಟ್ಟದ ಮೇಲೆ ಮಂಜು ಕವುಚಿಕೊಂಡಿತ್ತು. ಎದುರಿನಿಂದ ಒಂದು ಗುಂಪು ಬಂತು. ಸೆಲ್ಬಿ ಬೆರಳು ಎತ್ತಿದ, ಮಗಳು ಜೋಸಿ ಎತ್ತಿದಳು, ನಾನೂ ಕೈ ಎತ್ತಿದೆ. ಅಲ್ಲಿಯವರೆಗೆ ಮಾವನ ದೀಪ ನನ್ನ ಕನ್ನಡಿಯಲ್ಲಿತ್ತು. ಆಮೇಲೆ ಇಲ್ಲ. ಮಂಜು ಅಂದುಕೊಂಡೆ... ನಿಲ್ಲಿಸಬೇಕಿತ್ತು.

ಸೆಲ್ಬಿ ವಾಪಸ್ ಹುಡುಕಲು ಹೋಗಿದ್ದಾನೆ. ಗಾಳಿ ಏಳುತ್ತಿದೆ.

ಕತ್ತಲಾಗುವ ಹೊತ್ತು

ವಾಕಿಟಾಕಿಯಲ್ಲಿ ಸೆಲ್ಬಿ. “ಆ ಗುಂಪಿನೋರು ಸಿಕ್ಕಿದ್ರು. ಕೊನೆಯವ್ರು ಮುಷ್ಟಿ ತೋರ್ಸಿದ್ರಂತೆ. ಅದಾದ್ಮೇಲೆ ಒಂದು ಒಂಟಿ ದೀಪ ಕಣಿವೆ ಕಡೆ ತಿರುಗ್ತಂತೆ. ಬೇರೆ ಯಾರೋ ಅಂದ್ಕೊಂಡು ಸುಮ್ನಾಗಿದಾರೆ. ಮುಷ್ಟಿ ತೋರ್ಸಿ ಹಂಗೇ ತಿರುಗಿಸ್ಬಿಟ್ಟಿದಾನೆ ಅಪ್ಪ! ತಲೆ ಕೆಟ್ಟಿದ್ಯಾ ಅವ್ನಿಗೆ?”

ಗುಂಡಿ ಒತ್ತಿ ಹಿಡಿದೆ. ಹಾಗೇ ಬಿಟ್ಟುಬಿಟ್ಟೆ.

ಆ ಮುಷ್ಟಿ ನನ್ನದು. ಅಭ್ಯಾಸಬಲ. ಕೈ ತಾನಾಗಿ ಮುಚ್ಚಿಕೊಂಡಿತು.

ಜೋಸಿ ಒಲೆಗೆ ಸೌದೆ ತುರುಕುತ್ತ ಕೇಳಿದಳು, “ಅಜ್ಜ ಮುಷ್ಟಿ ತೋರ್ಸಿದ್ದು ನೀನು ನೋಡಿದ್ಯಾಮ್ಮಾ?”

“ಮಂಜಿತ್ತಲ್ಲೇ,” ಅಂದೆ.

ಹೆದರಿಕೆಯಾಗುತ್ತಿದೆ. ದೇವರೇ, ಮುದುಕನನ್ನು ಉಳಿಸು. ಬದುಕಿ ಬರಲಿ, ಎಲ್ಲ ಹೇಳಿಬಿಡುತ್ತೇನೆ.

ಫೆಬ್ರವರಿ 18

ಸಿಕ್ಕರು. ಜೀವಂತ. ಕಣಿವೆಯಲ್ಲಿ ಗಾಡಿ ಹೂತುಹೋಗಿ, ಮರದ ಬುಡದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದರಂತೆ. ಹುಡುಕಲು ಹೋದವರಿಗೆ “ಚಾ ಕುಡೀತೀರೇನ್ರೋ?” ಅಂದರಂತೆ. ಬಲಗೈ ಬೆರಳು ಹಿಮಕ್ಕೆ ಕಪ್ಪಾಗಿವೆ.

ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಅಂದರು, “ನನ್ನ ಗಾಡಿ ದೀಪದ ಬೆಳಕಲ್ಲಿ ನಿನ್ನ ಮುಷ್ಟಿ ಕಾಣಿಸ್ತು ಕಣೇ.”

ನಾನು ಅವರ ಹೊದಿಕೆ ಸರಿಮಾಡತೊಡಗಿದೆ.

“ಹಿಂದೆ ಯಾರೂ ಇಲ್ಲ ಅಂದ್ಯಲ್ಲ. ಸರಿ, ಇಲ್ದೋನು ಯಾಕೆ ಬಾಲ ಹಿಡ್ಕೊಂಡು ಬರ್ಬೇಕು ಅಂತ ಸಿಟ್ಟು ಬಂತು. ನನ್ನ ಹಳೇ ದಾರೀಲೇ ಮುಂಚೆ ಮುಟ್ಟಿ, ಬಾಗ್ಲಲ್ಲಿ ನಿಂತು ನಗೋಣ ಅಂದ್ಕೊಂಡೆ.”

ಬಾಗಿಲು ತಳ್ಳಿ ಸೆಲ್ಬಿ ಬಂದ. ಏನಾಯ್ತು ಅಂತ ಕೇಳಿದ.

“ದಾರಿ ತಪ್ತು,” ಅಂದರು ಮಾವ. ನನ್ನ ಕಡೆ ನೋಡಲಿಲ್ಲ.

ನಾನೂ ಸುಮ್ಮನಿದ್ದೆ. ನಾಚಿಕೆಗೆಟ್ಟವಳು.

ಮಾರ್ಚ್ 2

ಬರೆಯಲು ಕೈ ಬಂದಿರಲಿಲ್ಲ.

ಮಾವನ ಗಾಡಿಯ ಕೀ ಸೆಲ್ಬಿಯ ಜೇಬಿನಲ್ಲಿದೆ. “ಅಪ್ಪಂಗೆ ಅರುಳುಮರುಳು,” ಅಂತ ಫೋನಿನಲ್ಲಿ ಎಲ್ಲರಿಗೂ ಹೇಳುತ್ತಾನೆ. ಇವತ್ತು ಯಾರೋ ಗಾಡಿ ಒಯ್ಯಲು ಬರುತ್ತಾರಂತೆ. ಮಾವ ಕಿಟಕಿ ಬಿಟ್ಟು ಏಳುತ್ತಿಲ್ಲ.

ತಿಂಡಿಗೆ ಕೂತಾಗ “ಜಾಮ್ ಕೊಡೇ” ಅಂತ ಕೈ ಚಾಚಿದರು. ಬ್ಯಾಂಡೇಜ್ ಸುತ್ತಿದ ಕೈ, ಬೆರಳೇ ಕಾಣುವುದಿಲ್ಲ. ಮುಷ್ಟಿಯ ಹಾಗೇ ಇತ್ತು.

ಕಣ್ಣು ಮಂಜಾಗಿದೆ, ನಿಜ. ತಲೆ ಕೆಟ್ಟಿಲ್ಲ. ಅದು ನನಗೊಬ್ಬಳಿಗೇ ಗೊತ್ತು. ಅವರು ಹೇಳುವವರಲ್ಲ.

ಕೆಳಗೆ ಟ್ರಕ್ ನಿಂತಿತು. ಸೆಲ್ಬಿ ಬೂಟು ಹಾಕಿಕೊಳ್ಳುತ್ತಿದ್ದಾನೆ. ಇಳಿದು ಹೋಗುತ್ತೇನೆ. ಮೊದಲ ಮಾತು ಬರೆದುಕೊಂಡೇ ಹೋಗಬೇಕು, ಇಲ್ಲದಿದ್ದರೆ ನಾಲಿಗೆ ಹೊರಳದು.

ಸೆಲ್ಬಿ, ತಡಿ. ಆ ಮುಷ್ಟಿ—