ಮೂವರು ದರ್ಜಿಗಳು

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಪ್ರೀತಿಯ ‘ರೀ’ಗೆ,

ಗಂಟಲು ಹೇಗಿದೆ? ನಾಟಕ ಮುಗಿದ ಕೂಡಲೇ ತಣ್ಣೀರು ಕುಡಿಯುವ ಚಾಳಿ ಬಿಟ್ಟಿರಾ? ನಾನು ಗಟ್ಟಿಯಾಗಿದ್ದೇನೆ.

ನೀವು ಪಾತ್ರ ಮಾಡಿದ್ದ ಆ ಕೊಲೆಗಾರ ದರ್ಜಿಯ ಕಾದಂಬರಿಯನ್ನು ಮೂರನೆಯ ಸಲ ಸಿನಿಮಾ ಮಾಡಿದ್ದಾರೆ. ನಿನ್ನೆ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಹೊಸ ಹುಡುಗ ಲಕ್ಷಣವಾಗಿದ್ದಾನೆ. ಆದರೆ ಅವನು ಯಾಕೆ ಕೊಲ್ಲುತ್ತಾನೆಂದು ವಿವರಿಸುವುದಕ್ಕೇ ಅರ್ಧ ಸಿನಿಮಾ ಹೋಯಿತು. ಬಾಲ್ಯದ ಕಷ್ಟ, ಹೊಡೆಯುವ ಚಿಕ್ಕಪ್ಪ, ಎಲ್ಲ ಇದೆ. ಅಯ್ಯೋ ಪಾಪ ಅನ್ನಿಸಿತೇ ಹೊರತು ಭಯವಾಗಲಿಲ್ಲ. ಎರಡನೆಯದರ ದಪ್ಪ ಮೀಸೆಯವನಂತೂ ಕತ್ತರಿ ಝಳಪಿಸಿ ನಕ್ಕೂ ನಕ್ಕೂ ತಲೆ ಚಿಟ್ಟು ಹಿಡಿಸಿದ್ದ. ಮೊದಲನೆಯವರಾದ ನೀವು ನಗಲೇ ಇಲ್ಲ. ಅಳತೆಯ ಟೇಪನ್ನು ಕೊರಳಿಗೆ ಸುತ್ತುವ ಮುಂಚೆ “ಸ್ವಲ್ಪ ನೇರ ನಿಂತ್ಕೊಳ್ಳಿ” ಎನ್ನುತ್ತಿದ್ದಿರಿ, ಅಷ್ಟೇ. ಆಮೇಲೆ ನಮ್ಮ ಬೀದಿಯ ದರ್ಜಿಗೆ ತಿಂಗಳುಗಟ್ಟಲೆ ಗಿರಾಕಿಯೇ ಇರಲಿಲ್ಲ. ನಿಮಗೂ ಖಳನ ಪಾತ್ರ ಬಿಟ್ಟು ಬೇರೇನೂ ಸಿಗದೆ, ನಾಟಕ ಕಂಪನಿ ಸೇರಿ ಊರೂರು ಅಲೆಯುವ ಹಾಗಾಯಿತು. ಸಿನಿಮಾ ಮಧ್ಯೆ ಅತ್ತೆ ಇಡೀ ಥಿಯೇಟರಿಗೆ ಕೇಳುವಂತೆ “ನನ್ ಮಗ ಇವನಿಗಿಂತ ಚೆನ್ನಾಗಿ ಕೊಲ್ತಿದ್ದ” ಎಂದರು. ಪಕ್ಕದ ಇಬ್ಬರು ಎದ್ದು ದೂರ ಹೋಗಿ ಕೂತರು.

ಮನೆಗೆ ಬಂದು ನಿಮ್ಮ ಸಿನಿಮಾ ಹಾಕಿಕೊಂಡು ನೋಡಿದೆವು. ಬೇರೆಯವರು ಕಣ್ಣು ಮುಚ್ಚುವ ಕಡೆಯೂ ನಾನು ನಿಮ್ಮನ್ನೇ ನೋಡುತ್ತಿರುತ್ತೇನೆ. ಸೂಜಿಗೆ ದಾರ ಪೋಣಿಸುವಾಗ ನಾಲಿಗೆಯ ತುದಿ ಹೊರಗೆ ಬರುತ್ತದಲ್ಲ, ಅದು ದರ್ಜಿಯದಲ್ಲ, ನಿಮ್ಮದು. ಪಾತ್ರಕ್ಕೆಂದು ನನ್ನ ಹಳೆಯ ಬಟ್ಟೆಗಳ ಮೇಲೆ ಹೊಲಿಗೆ ಕಲಿಯುವಾಗ ಬಂದದ್ದು. ಆ ಒಂದು ಗಳಿಗೆಗಾಗಿ ಅಷ್ಟೂ ಕೊಲೆಗಳನ್ನು ಸಹಿಸಿಕೊಳ್ಳುತ್ತೇನೆ. ಅದು ಬಂದು ಹೋದ ಮೇಲೆ ಮನೆ ಇನ್ನಷ್ಟು ಖಾಲಿ ಅನ್ನಿಸುತ್ತದೆ.

ಕಂಪನಿಯವರಿಗೆಲ್ಲ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಚಿನಕುರುಳಿ

ತಾ.ಕ.: ಇದನ್ನು ಫೋನಿನಲ್ಲಿ ಹೇಳಲಾಗದು, ಅತ್ತೆ ಪಕ್ಕದಲ್ಲೇ ಇರುತ್ತಾರೆ. ನಿನ್ನೆ ಮನೆಯಲ್ಲಿ ನಿಮ್ಮ ಸಿನಿಮಾದ ಕೊನೆಗೆ ಪೊಲೀಸರು ನಿಮ್ಮನ್ನು ಎಳೆದೊಯ್ದಾಗ ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಸ್ಟೇಷನ್‌ಗೆ ಹೋಗೋಣ ನಡಿ. ಅವನು ಬೆಳಗ್ಗಿಂದ ಏನೂ ತಿಂದಿಲ್ಲ” ಎಂದರು. ಇದು ಸಿನಿಮಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೈ ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಹೋಗಿ, ನಿಮ್ಮನ್ನು ಬಿಟ್ಟುಬಿಟ್ಟರಂತೆ ಎಂದು ಸುಳ್ಳು ಹೇಳಿ ಕರೆತಂದೆ. ನೆನಪು ಹೋಗುತ್ತಿದೆ, ತಡೆಯಲಾಗದು ಎನ್ನುತ್ತಾರೆ ಡಾಕ್ಟರು. ಈಗಲೂ ಬಾಗಿಲಲ್ಲಿ ಕಾಯುತ್ತಾ ಕೂತಿದ್ದಾರೆ. ಮುಂದಿನ ಊರಿನ ನಾಟಕ ಬಿಟ್ಟು ಮನೆಗೆ ಬನ್ನಿ. ನಿಮ್ಮ ಮುಖದ ಗುರುತು ಅವರಿಗೆ ಇನ್ನೂ ಇದೆ.